ನಾಲ್ವರು ಗಡ್ಡದ ಶರಣರು

ಮರಾಠಿ ಸೀಮೆಯ ನಿಗಡಿಯ ಒಂದು ವಸತಿ ಸೊಸಾಯಿಟಿಯಲ್ಲಿ ಮುನ್ನೂರಾ ನಾಲ್ಕನೆಯ ನಂಬರಿನ ಮನೆಗಳು ಎರಡಿದ್ದವು. ಎ ಕಟ್ಟಡದ ಮುನ್ನೂರಾ ನಾಲ್ಕರಲ್ಲಿ ಪ್ರಣೀತಾ ಎಂಬ ಬೆಂಗಳೂರಿನ ಹೆಣ್ಣುಮಗಳು ಒಬ್ಬಳೇ ಇದ್ದಳು. ಕಾರಿನ ಕಾರಖಾನೆಯೊಂದರಲ್ಲಿ ಗೇರುಗಳ ನಕ್ಷೆ ಬರೆಯುವ ಕೆಲಸ. ಬಿ ಕಟ್ಟಡದ ಮುನ್ನೂರಾ ನಾಲ್ಕರಲ್ಲಿ ಹೊಳಬಸಪ್ಪನವರು ಇದ್ದರು. ಪಿಂಪ್ರಿಯಲ್ಲಿ ಮೂವತ್ತೈದು ವರ್ಷ ಸ್ಟೋರಿನ ಗುಮಾಸ್ತಿಕೆ ಮಾಡಿ ನಿವೃತ್ತರಾದವರು. ಕೊರಿಯರಿನವರು ಅಂಕಿಯನ್ನು ನೋಡುತ್ತಿದ್ದರೇ ಹೊರತು ಅಕ್ಷರವನ್ನು ನೋಡುತ್ತಿರಲಿಲ್ಲ. ಈ ಕಾರಣದಿಂದ ಅವಳ ಶಾಂಪೂ ಇವರ ಮನೆಗೂ, ಇವರ ಮಂಡಿನೋವಿನ ಎಣ್ಣೆ ಅವಳ ಮನೆಗೂ ಎರಡು ವರ್ಷಗಳಿಂದ ಓಡಾಡಿಕೊಂಡಿದ್ದವು. ಆ ಗುರುವಾರ ಬೆಳಿಗ್ಗೆ ಎರಡು ಚೌಕ ಪಾರ್ಸೆಲುಗಳು ಅದಲುಬದಲಾದವು.

ಅಂದಿಗೆ ಹೊಳಬಸಪ್ಪನವರ ಮಡದಿ ಭೀಮವ್ವ ಲಿಂಗೈಕ್ಯರಾಗಿ ಒಂದು ವರ್ಷ. ಮನೆಯಲ್ಲಿ ವರ್ಷದ ಸ್ಮರಣೆ. ಹನ್ನೆರಡಕ್ಕೆ ಪೂಜೆ, ಒಂದು ಗಂಟೆಗೆ ಪ್ರಸಾದ. ನಡುವೆ ಒಂದು ವಿಶೇಷ ಕಾರ್ಯಕ್ರಮವಿತ್ತು. ಹದಿನಾಲ್ಕು ವರ್ಷಗಳ ಹಿಂದೆ ಕನ್ನಡ ಸಂಘದ ವಾರ್ಷಿಕೋತ್ಸವದಲ್ಲಿ ಭೀಮವ್ವ ತತ್ವಪದ ಹಾಡಿದ್ದರು. ಅದನ್ನು ಮುಕ್ಕಾಲು ಗಂಟೆಯ ಒಂದು ಕ್ಯಾಸೆಟ್ಟಿನಲ್ಲಿ ಹಿಡಿದಿದ್ದರು. ಮರುವಾರವೇ ಮನೆಯ ಟೇಪು ಕೆಟ್ಟು, ಆ ಕ್ಯಾಸೆಟ್ಟು ಕೇಳದೆಯೇ ಪೆಟ್ಟಿಗೆ ಸೇರಿತ್ತು. ಈಗ ಆ ಧ್ವನಿ ಬೇರೆಲ್ಲಿಯೂ ಇರಲಿಲ್ಲ. ಫೋನಿನಲ್ಲಿ ಕೂಡ ಇರಲಿಲ್ಲ. ಭೀಮವ್ವ ಫೋನು ಕಂಡರೆ ಬಾಯಿ ಮುಚ್ಚಿಕೊಳ್ಳುವವರು.

ತಳೇಗಾಂವದಲ್ಲಿರುವ ಮಗಳು ಶೈಲಶ್ರೀ ಮುಂಬಯಿಯ ಒಂದು ಅಂಗಡಿಗೆ ಆ ಕ್ಯಾಸೆಟ್ಟನ್ನು ಕಳಿಸಿ, ದೊಡ್ಡ ಕಪ್ಪು ರೆಕಾರ್ಡು ಮಾಡಿಸಿದ್ದಳು. ಅಪ್ಪನ ಹಳೆಯ ರೆಕಾರ್ಡ್ ಪ್ಲೇಯರು ಇನ್ನೂ ತಿರುಗುತ್ತಿತ್ತು.

"ಅವರಿಗೆ ಕನ್ನಡ ಬರೂದಿಲ್ಲಪ್ಪಾ, ಆದ್ರ ದನಿ ಭಾಳ ಸ್ಪಷ್ಟ ಅದ ಅಂದಾರ," ಎಂದಿದ್ದಳು. "ಕವರು ಚಂದ ಮಾಡ್ರಿ ಅಂತ ಹೇಳೀನಿ."

ಬೆಳಗಿನಿಂದ ಹೊಳಬಸಪ್ಪನವರು ಬಾಗಿಲಿಗೂ ಕಿಟಕಿಗೂ ಓಡಾಡುತ್ತಿದ್ದರು. ಪಾರ್ಸೆಲು ಬಂತು. ಚಾಳೀಸು ಎಲ್ಲಿಟ್ಟಿದ್ದರೋ ತಿಳಿಯದು. ವಿಳಾಸ ಓದುವ ಗೋಜಿಗೆ ಹೋಗದೆ ಅಡಕತ್ತರಿಯಿಂದ ಅಂಟುಪಟ್ಟಿ ಸೀಳಿದರು. ನೆರೆಯ ಮುರುಗೆಪ್ಪನವರು ಅಷ್ಟರಲ್ಲಿ ಬಂದು ಕುರ್ಚಿ ಹಿಡಿದಿದ್ದರು. ಅವರು ಫೌಂಡ್ರಿಯ ಫೋರಮನ್ನರಾಗಿ ನಿವೃತ್ತರಾದವರು. ಜಗತ್ತಿನಲ್ಲಿ ತಮಗೆ ಗೊತ್ತಿಲ್ಲದ ವಸ್ತುವೊಂದು ಇದೆಯೆಂದು ಅವರು ಇದುವರೆಗೆ ಒಪ್ಪಿದ್ದಿಲ್ಲ.

ಒಳಗಿನಿಂದ ಕವರು ಹೊರಬಂತು. ಹೊಳಬಸಪ್ಪನವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದರು. ಮೇಲೆ ಮಾಡಿದರು, ಕೆಳಗೆ ಮಾಡಿದರು.

"ಮುರುಗೆಪ್ಪಾರ, ನೋಡ್ರಿಲ್ಲೆ. ಇದರಾಗ ನಮ್ಮಾಕಿ ಎಲ್ಲದಾಳ್ರಿ?"

ಕವರಿನ ಮೇಲೆ ಭೀಮವ್ವ ಇರಲಿಲ್ಲ. ನೇರಳೆ ಬಣ್ಣದ ದಟ್ಟ ಹೊಗೆಯ ನಡುವೆ ನಾಲ್ವರು ಮುದುಕರು ನಿಂತಿದ್ದರು. ನಾಲ್ವರಿಗೂ ಎದೆಮಟ್ಟ ಬಿಳಿಯ ಗಡ್ಡ, ಬೆನ್ನಮೇಲೆ ಇಳಿಬಿದ್ದ ಕೂದಲು; ಕೆಲವರ ಕೈಯಲ್ಲಿ ಉದ್ದನೆಯ ತಂತಿವಾದ್ಯ. ನಾಲ್ವರೂ ಕಣ್ಣು ಮುಚ್ಚಿ ಮುಖವನ್ನು ಆಕಾಶಕ್ಕೆ ಎತ್ತಿದ್ದರು. ಅವರ ಕೆಳಗೆ ಕತ್ತಲಲ್ಲಿ ಸಾವಿರಾರು ಜನ ಎರಡೂ ಕೈಗಳನ್ನು ಮೇಲೆತ್ತಿದ್ದರು.

ಮುರುಗೆಪ್ಪನವರು ಬಹಳ ಹೊತ್ತು ನೋಡಿದರು.

"ಶರಣರು," ಎಂದರು ಕಡೆಗೆ. "ಹಿಮಾಲಯದ ಕಡೆಯವರು. ಕೈಯಾಗ ಹಿಡದದ್ದು ಏಕತಾರಿ."

"ಅಷ್ಟ ದೊಡ್ಡ ಏಕತಾರಿ?"

"ಅಲ್ಲಿ ಚಳಿ ಭಾಳ್ರಿ. ಸಣ್ಣ ತಂತಿ ನಿಲ್ಲೂದಿಲ್ಲ."

ಹನ್ನೊಂದೂವರೆಗೆ ಅಕ್ಕನ ಬಳಗದ ಭಜನೆಯ ಹೆಂಗಸರು ಬಂದರು. ಅವರ ಮುಂದಾಳು ಮಹದೇವಮ್ಮನವರು. ನಿಗಡಿಯಿಂದ ಚಿಂಚವಾಡದವರೆಗೆ ಯಾವ ಕನ್ನಡ ಮನೆಯಲ್ಲಿ ಪೂಜೆಯಾದರೂ ಎಲ್ಲಿ ಏನಿಡಬೇಕೆಂದು ಹೇಳುವವರು ಅವರೇ. ಅವರು ಕವರನ್ನು ನೋಡಿದ್ದೇ ತಡ, ಸೆರಗು ತಲೆಯ ಮೇಲೆ ಎಳೆದುಕೊಂಡರು.

"ಎಂಥಾ ತೇಜ ಅಂತೀನಿ! ಭೀಮಕ್ಕ ಶಿವನ ಪಾದಾ ಸೇರ್ಯಾಳ ಅಂತ ತೋರಿಸ್ಯಾರ್ರಿ ಅಂಗಡಿಯವರು. ಕೆಳಗ ಕೈ ಎತ್ತಿದವರು ನಾವು. ಮ್ಯಾಲೆ ಶರಣರು. ನಡುವ ಹೊಗಿ ಐತಲ್ಲ, ಅದು ಧೂಪ."

"ಮತ್ತ ಭೀಮವ್ವ?" ಎಂದರು ಹೊಳಬಸಪ್ಪನವರು.

"ಹೊಗಿಯೊಳಗ ಅದಾಳ್ರಿ. ಐಕ್ಯ ಆದ್ಮ್ಯಾಲೆ ಕಾಣಸ್ತಾರೇನು?"

ಹೊಳಬಸಪ್ಪನವರಿಗೆ ಇದು ಸರಿಯೆನ್ನಿಸಲಿಲ್ಲ. ತಪ್ಪೆಂದು ಹೇಳಲು ಬಾಯಿಯೂ ಬರಲಿಲ್ಲ. ಶೈಲಶ್ರೀ ಒಳಗೆ ಹೋಳಿಗೆ ಬೇಯಿಸುತ್ತಿದ್ದಳು. ಹೊರಗೆ ಬಂದು ನೋಡಲು ಅವಳಿಗೆ ಪುರಸೊತ್ತಿರಲಿಲ್ಲ. ಹೀಗಾಗಿ ಆ ಕವರು ದೇವರ ಜಗಲಿಯ ಮೇಲೆ, ಭೀಮವ್ವನ ಫೋಟೋದ ಪಕ್ಕದಲ್ಲಿ ಸ್ಥಾಪಿತವಾಯಿತು. ಮಹದೇವಮ್ಮನವರು ನಾಲ್ವರ ಹಣೆಗೂ ಮೂರು ಬೆರಳಿನಿಂದ ವಿಭೂತಿ ಎಳೆದರು. ಒಬ್ಬ ಶರಣನ ಅಂಗಿಯ ಮೇಲೆ ತಲೆಬುರುಡೆಯ ಚಿತ್ರವಿತ್ತು. "ಸ್ಮಶಾನವಾಸಿ," ಎಂದು ಅವನಿಗೆ ಒಂದು ಬಿಲ್ವಪತ್ರೆ ಹೆಚ್ಚು ಏರಿಸಿದರು. ಸೇವಂತಿಗೆಯ ಮಾಲೆ ಬಿತ್ತು. ಮೊದಲ ಹೋಳಿಗೆಯ ನೈವೇದ್ಯದಿಂದ ಎರಡು ಹನಿ ತುಪ್ಪ ಎಡಗಡೆಯವನ ಗಡ್ಡದ ಮೇಲೆ ಇಳಿಯಿತು.

ಪೂಜೆ ಮುಗಿಯಿತು. ಇಪ್ಪತ್ತು ಜನ ಚಾಪೆಯ ಮೇಲೆ ಕೈಮುಗಿದು ಕುಳಿತರು. ಹೊಳಬಸಪ್ಪನವರು ರೆಕಾರ್ಡನ್ನು ಪ್ಲೇಯರಿನ ಮೇಲಿಟ್ಟು, ಮುಳ್ಳು ಇಳಿಸಿದರು.

ಮೊದಲು ಜನರ ಗದ್ದಲ ಕೇಳಿಬಂತು, ಸಿಳ್ಳೆ, ಕೂಗಾಟ.

"ನಮ್ಮ ವಾರ್ಷಿಕೋತ್ಸವಕ್ಕ ಇಷ್ಟ ಮಂದಿ ಬಂದಿದ್ರೇನ್ರಿ?" ಎಂದು ಮುರುಗೆಪ್ಪನವರು ಬೆರಗಾದರು. "ನಾ ಎಣಿಸಿದ್ದು ಅರವತ್ತು."

ಆಮೇಲೆ ಒಂದು ನಾದ ಹೊರಟಿತು. ತುಂಬಿದ ಲಾರಿ ಒಂದನೆಯ ಗೇರಿನಲ್ಲಿ ಖಂಡಾಳಾ ಘಾಟು ಹತ್ತುವಂಥ ನಾದ. ಅದು ಏರಲಿಲ್ಲ, ಇಳಿಯಲಿಲ್ಲ, ಮುಗಿಯಲೂ ಇಲ್ಲ. ಜಗಲಿಯ ಮೇಲಿನ ಹಿತ್ತಾಳೆಯ ಆರತಿತಟ್ಟೆ ಸಣ್ಣಗೆ ನಡುಗತೊಡಗಿತು.

"ಓಂಕಾರ," ಎಂದು ಮಹದೇವಮ್ಮನವರು ಕಣ್ಣು ಮುಚ್ಚಿದರು. ಹೆಂಗಸರೆಲ್ಲ ಕಣ್ಣು ಮುಚ್ಚಿದರು. ಐದು ನಿಮಿಷ ಓಂಕಾರವೇ ನಡೆಯಿತು. ಆರನೆಯ ನಿಮಿಷಕ್ಕೆ ಯಾರೋ ಕಬ್ಬಿಣದ ಗೋದಾಮನ್ನು ಮೆಟ್ಟಿಲ ಮೇಲಿಂದ ಉರುಳಿಸಿದಂತೆ ಸದ್ದಾಗಿ, ಒಬ್ಬ ಗಂಡಸು ಬಾವಿಯ ತಳದಿಂದೆಂಬಂತೆ ನಿಧಾನವಾಗಿ ಗೋಳಿಡತೊಡಗಿದನು.

ಹೊಳಬಸಪ್ಪನವರ ಮುಖ ಬಿಳಿಚಿತು. "ಇದು ಆಕಿ ದನಿ ಅಲ್ರೀ!"

"ಆಕೀದ ಅದ, ಸ್ಪೀಡು ತಪ್ಪೈತಿ," ಎಂದು ಮುರುಗೆಪ್ಪನವರು ಎದ್ದರು. "ಸಾವಕಾಶ ತಿರಿಗಿದ್ರ ಹೆಣ್ಣದನಿ ಗಂಡ ಆಕ್ಕೈತಿ. ಮೋಟಾರಿನ ವಿಷಯ ನನಗ ಬಿಡ್ರಿ." ಹೀಗೆಂದವರೇ ಮೂವತ್ತಮೂರರ ಮೇಲಿದ್ದ ಗುಂಡಿಯನ್ನು ಒಮ್ಮೆಲೇ ಎಪ್ಪತ್ತೆಂಟಕ್ಕೆ ತಿರುಗಿಸಿದರು.

ಲಾರಿ ಘಾಟು ಇಳಿಯತೊಡಗಿತು, ಅದೂ ಬ್ರೇಕಿಲ್ಲದೆ. ನಗಾರಿಗಳು ಮೆರವಣಿಗೆಯ ಢೋಲುಗಳಂತೆ ಬಡಿದವು. ಗೋಳಿಡುತ್ತಿದ್ದ ಗಂಡಸು ಕೋಳಿಮರಿಯಂತೆ ಚೀರಿದನು. ಬಳಗದ ಇಬ್ಬರು ಹೆಂಗಸರಿಗೆ ತಾವಾಗಿಯೇ ಚಪ್ಪಾಳೆ ಬಂತು. ಒಬ್ಬರು ತಾಳವನ್ನೂ ಎತ್ತಿಕೊಂಡರು. ಕೆಳಗಿನ ಮನೆಯಿಂದ ಸೊಸಾಯಿಟಿಯ ಸೆಕ್ರೆಟರಿ ಓಡಿಬಂದು ಬಾಗಿಲಲ್ಲಿ ನಿಂತರು.

"ಕಾಕಾ, ಹೇ ಕಾಯ್ ಚಾಲ್ಲಂಯ್? ಗಣಪತಿಲಾ ಅಜೂನ್ ದೋನ್ ಮಹಿನೇ ಆಹೇತ್!"

ಗಣಪತಿಗೆ ಇನ್ನೂ ಎರಡು ತಿಂಗಳಿರುವುದು ಹೊಳಬಸಪ್ಪನವರಿಗೂ ಗೊತ್ತಿತ್ತು. ತಮ್ಮ ಮನೆಯಲ್ಲಿ ಏನು ನಡೆದಿದೆಯೆಂಬುದು ಮಾತ್ರ ಗೊತ್ತಿರಲಿಲ್ಲ. "ಬಾಯಕೋಚಂ ಗಾಣಂ ಆಹೇ," ಹೆಂಡತಿಯ ಹಾಡು, ಎಂದುಬಿಟ್ಟರು. ಸೆಕ್ರೆಟರಿ ಒಮ್ಮೆ ಭೀಮವ್ವನ ಫೋಟೋ ನೋಡಿ, ಒಮ್ಮೆ ಪ್ಲೇಯರು ನೋಡಿ, ಕೈಮುಗಿದು ಹಿಂದೆ ಸರಿದರು.

ತನ್ನ ಕಟ್ಟಡದವರೆಗೆ ಕೇಳಿದ ಆ ಸದ್ದಿನ ಗುರುತು ಹಿಡಿದು, ಅವರನ್ನು ತಳ್ಳಿಕೊಂಡು ಪ್ರಣೀತಾ ಒಳಗೆ ಬಂದಳು. ಕಾಲಲ್ಲಿ ಎರಡು ಬೇರೆ ಬೇರೆ ಚಪ್ಪಲಿಗಳಿದ್ದವು.

"ಅಂಕಲ್, ನಿಲ್ಸಿ! ಪ್ಲೀಸ್ ನಿಲ್ಸಿ! ಅದು ನಂದು!"

ಅವಳೇ ಹೋಗಿ ಮುಳ್ಳು ಎತ್ತಿದಳು. ಮನೆ ಗಪ್ಪಾಯಿತು. ಅವಳು ರೆಕಾರ್ಡನ್ನು ಬೆಳಕಿಗೆ ಹಿಡಿದು ನೋಡಿದಳು. ಅದರ ಮೈಮೇಲೆ ಬೆಕ್ಕು ಪರಚಿದಂತೆ ಗೆರೆಗಳೆದ್ದಿದ್ದವು. ಕವರು ಎಲ್ಲಿ ಎಂದು ತಿರುಗಿದವಳಿಗೆ ಜಗಲಿ ಕಂಡಿತು. ಮಾಲೆ, ವಿಭೂತಿ, ಬಿಲ್ವಪತ್ರೆ, ಊದುಬತ್ತಿ.

"ಏನ್ ಅಂಕಲ್ ಇದು..." ಎಂದು ಅಲ್ಲಿಯೇ ಕುಳಿತುಬಿಟ್ಟಳು.

"ನಿಂದಂದ್ರ ಹ್ಯಾಂಗವಾ? ಇದು ನಮ್ಮ ಮನಿಯಾಕಿ ಹಾಡಿದ್ದು," ಎಂದರು ಹೊಳಬಸಪ್ಪನವರು; ಆದರೆ ಅವರ ಧ್ವನಿಯಲ್ಲಿ ನಂಬಿಕೆ ಇರಲಿಲ್ಲ.

"ಅಲ್ಲ ಅಂಕಲ್. ಇದು ಲೆಡ್ ಟಾರ್ಟಾಯ್ಸ್ ಅಂತ ಬ್ಯಾಂಡು. ಮೂವತ್ತೆರಡು ವರ್ಷದಿಂದ ನುಡಿಸ್ತಿದಾರೆ. ಸ್ಟೋನರ್ ಮೆಟಲ್. ಇದು ಅವ್ರ ಲೈವ್ ಆಲ್ಬಮ್, ಎಂಟು ತಿಂಗ್ಳಿಂದ ಕಾಯ್ತಿದ್ದೆ."

"ಸ್ಟೋನೂ ಅದ, ಮೆಟಲೂ ಅದ," ಎಂದು ಮುರುಗೆಪ್ಪನವರು ಯೋಚಿಸಿದರು. "ಕಲ್ಲ ಒಡಿಯೂ ಖಡಿ ಕ್ರಶರಿನವರೇನು?"

"ಸ್ಟೋನರ್ ಅಂದ್ರ ಏನು ತಂಗೀ?" ಎಂದು ಮಹದೇವಮ್ಮನವರು ಕೇಳಿದರು.

ಪ್ರಣೀತಾ ಅವರ ಹಣೆಯ ವಿಭೂತಿಯನ್ನೂ ಕೊರಳ ಲಿಂಗವನ್ನೂ ನೋಡಿದಳು. ಗಾಂಜಾದ ಮಾತನ್ನು ನುಂಗಿಕೊಂಡು, "ತುಂಬಾ ನಿಧಾನ ಅಂತ, ಆಂಟಿ," ಎಂದಳು. ಸ್ವಲ್ಪ ತಡೆದು, ಕವರಿನಲ್ಲಿ ತುಪ್ಪ ಬಿದ್ದವನ ಮೇಲೆ ಬೆರಳಿಟ್ಟು ಹೇಳಿದಳು: "ಇವ್ರು ಹೋದ್ವರ್ಷ ತೀರ್ಕೊಂಡ್ರು. ಇದೇ ಅವ್ರ ಕಡೇ ಪ್ರೋಗ್ರಾಂ. ಅದಕ್ಕೇ ತರ್ಸಿದ್ದು."

"ನೋಡ್ರಿ!" ಎಂದು ಮಹದೇವಮ್ಮನವರು ಸಭೆಯ ಕಡೆಗೆ ತಿರುಗಿದರು. "ನಾವು ಮಾಲಿ ಹಾಕಿದ್ದು ತಪ್ಪಾಗಲಿಲ್ಲ."

ಹೊಳಬಸಪ್ಪನವರು ಇದನ್ನು ಕೇಳಿಸಿಕೊಳ್ಳಲಿಲ್ಲ. ಅವರ ತಲೆಯಲ್ಲಿ ಒಂದೇ ಪ್ರಶ್ನೆ ಸುತ್ತುತ್ತಿತ್ತು. "ಹಂಗಾರ ನಮ್ಮಾಕಿ ಎಲ್ಲದಾಳವಾ?"

ಪ್ರಣೀತಾಳ ಮುಖ ಇಳಿಯಿತು. ಬೆಳಿಗ್ಗೆ ತನಗೆ ಬಂದ ಪಾರ್ಸೆಲಿನಲ್ಲಿ ಇಳಕಲ್ಲ ಸೀರೆಯ ಒಬ್ಬ ತಾಯಿಯ ಫೋಟೋ ಇದ್ದ ರೆಕಾರ್ಡು ಇತ್ತು. ಮೇಲಿನ ವಿಳಾಸವನ್ನು ಅವಳೂ ನೋಡದೆ, ಅಂಗಡಿಯವರ ತಪ್ಪೆಂದು ತಿಳಿದು, ಅದನ್ನು ಮೊದಲಿನಂತೆ ಅಂಟಿಸಿ ಅದೇ ಕೊರಿಯರಿನವನ ಕೈಯಲ್ಲಿ ವಾಪಸು ಕಳಿಸಿಬಿಟ್ಟಿದ್ದಳು. "ಮಧ್ಯಾಹ್ನ ಎರಡು ಗಂಟೆಗೆ ಆಕುರ್ಡಿ ಆಫೀಸಿಂದ ಗಾಡಿ ಹೋಗುತ್ತೆ ಅಂದ. ಎಲ್ಲಿಗೆ ಅಂತ ಗೊತ್ತಿಲ್ಲ ಅಂಕಲ್."

ಗೋಡೆಯ ಗಡಿಯಾರದಲ್ಲಿ ಒಂದೂಕಾಲು. ಹದಿನಾಲ್ಕು ವರ್ಷ ಪೆಟ್ಟಿಗೆಯಲ್ಲಿ ಸುಖವಾಗಿದ್ದ ಧ್ವನಿ ಇನ್ನು ಮುಕ್ಕಾಲು ಗಂಟೆಯಲ್ಲಿ ಗೊತ್ತಿಲ್ಲದ ಊರಿಗೆ ಹೊರಡಲಿತ್ತು. ಹೊಳಬಸಪ್ಪನವರು ಅಂಗಿ ಹಾಕಿಕೊಳ್ಳದೆ, ಪೂಜೆಗೆ ಹೊದ್ದ ಶಲ್ಯದಲ್ಲಿಯೇ ಮೆಟ್ಟಿಲಿಳಿದರು. ಪ್ರಣೀತಾ ಹಿಂದೆ ಓಡಿದಳು. ಕರೆಯದಿದ್ದರೂ ಮುರುಗೆಪ್ಪನವರು ಅವರಿಗಿಂತ ಮೊದಲೇ ರಿಕ್ಷಾ ಹತ್ತಿ ಕುಳಿತಿದ್ದರು.

"ಅಪ್ಪಾ, ಮಂದಿ ಉಣ್ಣೂದು?" ಎಂದು ಶೈಲಶ್ರೀ ಮೇಲಿನ ಗ್ಯಾಲರಿಯಿಂದ ಕೂಗಿದಳು.

"ನಾ ಬಂದ್ಮ್ಯಾಲೆ!"

ಆಕುರ್ಡಿಯ ಕೊರಿಯರು ಕಚೇರಿಯಲ್ಲಿ ಪಾರ್ಸೆಲುಗಳ ಚೀಲಗಳನ್ನು ಟೆಂಪೋಕ್ಕೆ ಏರಿಸುತ್ತಿದ್ದರು. ಕೌಂಟರಿನಲ್ಲಿದ್ದವನು ಕಂಪ್ಯೂಟರಿನಿಂದ ತಲೆ ಎತ್ತಲಿಲ್ಲ. ಕಳಿಸಿದ ವಸ್ತುವನ್ನು ಒಮ್ಮೆ ನೋಂದಾಯಿಸಿದ ಮೇಲೆ ಹಿಂದಕ್ಕೆ ಕೊಡುವ ಪದ್ಧತಿ ಇಲ್ಲವೆಂದು ಹೇಳಿದನು. ಪ್ರಣೀತಾ ಫೋನು ತೋರಿಸಿದಳು, ಗುರುತಿನ ಚೀಟಿ ತೋರಿಸಿದಳು. ಅವನು ಅರ್ಜಿ ಬರೆಯಿರಿ, ಮೂರು ದಿನ ಬಿಟ್ಟು ಬನ್ನಿ ಎಂದನು. ಹೊಳಬಸಪ್ಪನವರಿಗೆ ಮೂವತ್ತೈದು ವರ್ಷ ಆಡಿದ ಮರಾಠಿ ಆ ಹೊತ್ತಿಗೆ ಒಂದಕ್ಷರವೂ ನೆನಪಾಗಲಿಲ್ಲ. ಅವರು ಕೌಂಟರು ಹಿಡಿದುಕೊಂಡು ನಿಂತರು. ಕಣ್ಣಲ್ಲಿ ನೀರು ಬಂತು.

ಮುರುಗೆಪ್ಪನವರಿಗೆ ತಡೆಯಲಾಗಲಿಲ್ಲ. ಅವರು ಮುಂದೆ ಬಂದು ಕೌಂಟರು ಗುದ್ದಿದರು. "ಭಾವೂ, ತ್ಯಾ ಪಾರ್ಸೆಲಾತ ಯಾಂಚಿ ಬಾಯಕೋ ಆಹೇ! ಆಜ ಏಕ ವರ್ಷ ಝಾಲಂ!"

ಆ ಪಾರ್ಸೆಲಿನಲ್ಲಿ ಇವರ ಹೆಂಡತಿ ಇದ್ದಾಳೆ, ಇವತ್ತಿಗೆ ಒಂದು ವರ್ಷವಾಯಿತು ಎಂದು ಕೇಳಿದ ಕೂಡಲೇ ಅವನ ಬೆರಳು ಕಂಪ್ಯೂಟರಿನ ಮೇಲೆಯೇ ನಿಂತಿತು. ಅವನು ಹೊಳಬಸಪ್ಪನವರ ಶಲ್ಯ ನೋಡಿದನು, ಹಣೆಯ ವಿಭೂತಿ ನೋಡಿದನು, ಕಣ್ಣಿನ ನೀರು ನೋಡಿದನು.

"ಅಸ್ಥಿ?" ಎಂದು ಪಿಸುಗುಟ್ಟಿದನು.

ಪ್ರಣೀತಾ ಬಾಯಿ ತೆರೆದಳು. ಮುರುಗೆಪ್ಪನವರು ಅವಳ ಕಾಲು ತುಳಿದರು. ಆತನು ಟೆಂಪೋ ನಿಲ್ಲಿಸಲು ಕೂಗಿದನು. ಚೀಲ ಇಳಿಯಿತು, ಸೀಲು ಒಡೆಯಿತು. ಆತನು ಚಪ್ಪಲಿ ಕಳಚಿ, ಚೌಕ ಪಾರ್ಸೆಲನ್ನು ಎರಡೂ ಕೈಯಲ್ಲಿ ಎತ್ತಿ ತಂದು ಹೊಳಬಸಪ್ಪನವರ ಕೈಯಲ್ಲಿಟ್ಟು ನಮಸ್ಕಾರ ಮಾಡಿದನು. ಸಹಿಯನ್ನೂ ಕೇಳಲಿಲ್ಲ. ಅವರು ರಿಕ್ಷಾ ಹತ್ತುವವರೆಗೆ ಹಮಾಲರು ಕೂಡ ತಲೆ ತಗ್ಗಿಸಿ ನಿಂತಿದ್ದರು.

ಮರಳಿ ಮನೆ ಮುಟ್ಟಿದಾಗ ಎರಡೂವರೆ. ಮಂದಿಯೆಲ್ಲ ಹಸಿದು ಗೋಡೆಗೆ ಒರಗಿದ್ದರು. ಒಳಗಿನಿಂದ ಹೋಳಿಗೆಯ ವಾಸನೆ ಬರುತ್ತಿತ್ತು. ಭೀಮವ್ವನ ಹಾಡು ಕೇಳದೆ ಪ್ರಸಾದಕ್ಕೆ ಏಳುವಂತಿಲ್ಲವೆಂದು ಮಹದೇವಮ್ಮನವರು ಎಲ್ಲರನ್ನೂ ಹಿಡಿದು ಕೂಡಿಸಿದ್ದರು. ಹೊಳಬಸಪ್ಪನವರು ಪಾರ್ಸೆಲು ಬಿಚ್ಚಿದರು. ಇಳಕಲ್ಲ ಸೀರೆಯಲ್ಲಿ ಭೀಮವ್ವ ಸ್ವಲ್ಪ ನಾಚಿ, ಸ್ವಲ್ಪ ಸಿಟ್ಟಿನಿಂದ ನೋಡುತ್ತಿದ್ದರು.

"ಅಂಕಲ್, ನಾನ್ ಹಾಕ್ತೀನಿ," ಎಂದಳು ಪ್ರಣೀತಾ. ಅವಳು ಮುಳ್ಳನ್ನು ಮೆತ್ತಗಿನ ಬಟ್ಟೆಯಿಂದ ಒರೆಸಿ, ಗುಂಡಿಯನ್ನು ಮೂವತ್ತಮೂರಕ್ಕೆ ತಂದು, ಮುರುಗೆಪ್ಪನವರನ್ನು ದೂರ ಕೂಡಿಸಿ, ರೆಕಾರ್ಡು ಹಚ್ಚಿದಳು.

ಮೈಕು ಕಿರ್ರೆಂದಿತು. ಕೆಲವರು ಕೆಮ್ಮಿದರು. ಆಮೇಲೆ ಬಹಳ ಸ್ಪಷ್ಟವಾದ, ಗಟ್ಟಿಯಾದ ಒಂದು ಧ್ವನಿ ಹೊರಟಿತು:

"ಪೂಜ್ಯರೇ, ವೇದಿಕೆಯ ಮೇಲೆ ಆಸೀನರಾಗಿರುವ ಗಣ್ಯರೇ, ವೇದಿಕೆಯ ಕೆಳಗೆ ಆಸೀನರಾಗಿರುವ ಗಣ್ಯರೇ, ಸ್ಥಳಾಭಾವದಿಂದ ನಿಂತಿರುವ ಗಣ್ಯರೇ..."

"ಯಾರಿವ?" ಎಂದು ಹೊಳಬಸಪ್ಪನವರು ಕಿವಿಗೆ ಕೈ ಹಚ್ಚಿದರು. "ಮತ್ತ ಬದಲಾತೇನು?"

"ಅಪ್ಪಾ," ಎಂದಳು ಶೈಲಶ್ರೀ ಅಡಿಗೆಮನೆಯ ಬಾಗಿಲಲ್ಲಿ ನಿಂತು, "ನೀವ."

ಅಂದು ಸಂಘದ ಕಾರ್ಯದರ್ಶಿ ಅವರೇ ಆಗಿದ್ದರು. ಹಾಡುವವರನ್ನು ಪರಿಚಯ ಮಾಡಿಕೊಡುವ ಕೆಲಸವೂ ಅವರದೇ. ಹೆಂಡತಿಯ ಹೆಸರು ಹೇಳಲು ನಾಚಿಕೆಯಾಗಿ, ಅವರು ಸಂಘದ ಇತಿಹಾಸದಿಂದ ಪ್ರಾರಂಭಿಸಿದ್ದರು. ಸಂಘ ಹುಟ್ಟಿದ್ದು, ಒಡೆದದ್ದು, ಕೂಡಿದ್ದು. ಕುರ್ಚಿಗಳನ್ನು ಕೊಟ್ಟವರು, ಕೊಡುತ್ತೇನೆಂದು ಕೊಡದವರು. ಒಂದನೆಯ ಮಗ್ಗಲು ಮುಗಿಯುವ ಹೊತ್ತಿಗೆ ಶಾಮಿಯಾನದ ಮಾಲಕರ ಗುಣಗಾನ ಅರ್ಧಕ್ಕೆ ಬಂದಿತ್ತು.

ಪ್ರಣೀತಾ ರೆಕಾರ್ಡು ಮಗುಚಿದಳು. ಶಾಮಿಯಾನ ಮುಂದುವರಿಯಿತು. ಮುರುಗೆಪ್ಪನವರಿಗೆ ನಿದ್ದೆ ಹತ್ತಿತು. ಮಹದೇವಮ್ಮನವರು ಎರಡು ಸಲ ಆಕಳಿಸಿ, ಅದು ಶಿವಸ್ಮರಣೆಯೆಂಬಂತೆ ಕೈಮುಗಿದರು. ಹೊಳಬಸಪ್ಪನವರು ಮಾತ್ರ ಪ್ಲೇಯರಿಗೆ ತೀರ ಹತ್ತಿರ ಕುಳಿತು, ತಮ್ಮ ಒಂದೊಂದು ವಾಕ್ಯ ಮುಗಿಯುತ್ತಿದ್ದಂತೆ, ಇನ್ನು ನಿಲ್ಲಿಸುತ್ತಾನೆ, ಇನ್ನು ನಿಲ್ಲಿಸುತ್ತಾನೆ ಎಂದು ಕಾಯುತ್ತಿದ್ದರು. ಅವನು ನಿಲ್ಲಿಸಲಿಲ್ಲ. ಹೊಳಬಸಪ್ಪನವರು ತಮ್ಮ ಜೀವಮಾನದಲ್ಲಿ ಯಾವ ಮನುಷ್ಯನನ್ನೂ ಅಷ್ಟು ದ್ವೇಷಿಸಿರಲಿಲ್ಲ.

ಕಡೆಗೆ ರೆಕಾರ್ಡಿನ ಕಪ್ಪು ಪಟ್ಟಿ ನೂಲಗಲ ಉಳಿಯಿತು. "ಈಗ ಶ್ರೀಮತಿ ಭೀಮವ್ವನವರು ಹಾಡುತ್ತಾರೆ," ಎಂದಿತು ಆ ಧ್ವನಿ. ಹೊಳಬಸಪ್ಪನವರು ಉಸಿರು ಹಿಡಿದರು. "ಆದರೆ ಅದಕ್ಕೂ ಮುನ್ನ, ನಾನು ಎರಡು ಮಾತು..."

ಆಗ, ಮೈಕಿನ ತೀರ ಹತ್ತಿರ, ಒಬ್ಬ ಹೆಂಗಸಿನ ಸಣ್ಣ ದನಿ ಕೇಳಿತು.

"ಸಾಕ್ ಮಾಡ್ರೀ ಇನ್ನ. ಮಂದಿ ಹಸದ ಕುಂತಾರ."

ರೆಕಾರ್ಡಿನೊಳಗೆ ಅಂದಿನ ಸಭೆಯೆಲ್ಲ ಗೊಳ್ಳೆಂದು ನಕ್ಕಿತು. ಚಪ್ಪಾಳೆ ಎದ್ದಿತು. ಆ ಚಪ್ಪಾಳೆಯ ನಡುವೆಯೇ ಕ್ಯಾಸೆಟ್ಟು ಮುಗಿದಿತ್ತು. ಮುಳ್ಳು ಖಾಲಿ ಗೆರೆಯಲ್ಲಿ ಸುತ್ತತೊಡಗಿತು.

"ಅವ್ವ ಆಮ್ಯಾಲೆ ಹಾಡಿದ್ಲಪಾ," ಎಂದಳು ಶೈಲಶ್ರೀ, ಸೆರಗಿನಿಂದ ಕಣ್ಣೊರೆಸಿಕೊಂಡು. "ಮೂರು ಪದ ಹಾಡಿದ್ಲು. ನನಗ ನೆನಪದ."

ಪ್ರಣೀತಾ ಮುಳ್ಳಿನ ಕಡೆಗೆ ಕೈ ಚಾಚಿದಳು. "ಅಂಕಲ್, ಕಡೇ ಲೈನಿಗೆ ಸರಿಯಾಗಿ ಇಡ್ತೀನಿ. ಇನ್ನೊಂದ್ ಸಲ ಹಾಕ್ಲಾ?"

ಹೊಳಬಸಪ್ಪನವರು ಶಲ್ಯದ ತುದಿಯಿಂದ ಮುಖ ಒರೆಸಿಕೊಂಡು, ಮಂಡಿ ಹಿಡಿದು ಎದ್ದರು.

"ಬ್ಯಾಡವಾ. ಆಕಿ ಕಡೆಯಿಂದ ಎರಡ ಸಲ ಹೇಳಿಸ್ಕೊಂಡು ನನಗ ಗೊತ್ತಿಲ್ಲ," ಎಂದರು. "ಶೈಲಾ, ತಾಟ ಹಾಕವಾ. ಏಳ್ರಿ ಎಲ್ಲಾರೂ, ಉಣ್ಣಾಕ ಏಳ್ರಿ."